ಉಬ್ಬಸವೋ ಸಿಒಪಿಡಿಯೋ? ಒಂದೇ ಎದೆಯಲ್ಲಿ ಎರಡೂ ಇದ್ದರೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದೀರೋ, ಮೆಟ್ರೋದಲ್ಲಿ ಕಂಬ ಹಿಡ್ಕೊಂಡು ನಿಂತಿದೀರೋ ಗೊತ್ತಿಲ್ಲ. ಇವತ್ತಿನ ವಿಷಯ ಸ್ವಲ್ಪ ಗಮನ ಕೊಟ್ಟು ಕೇಳಿ. ಇದು ಬಹುಶಃ ನಿಮ್ಮ ಬಗ್ಗೆ ಅಲ್ಲ. ನಿಮ್ಮ ಮನೇಲಿರೋ, ನಲವತ್ತೈದು ಐವತ್ತು ದಾಟಿದವರ ಬಗ್ಗೆ.

ಹಾಸನದ ಕಡೆಯ ಒಬ್ಬ ಕೇಳುಗರು ವಾಟ್ಸಾಪ್‌ನಲ್ಲಿ ಎರಡು ಫೋಟೋ ಕಳಿಸಿದ್ರು. ಎರಡೂ ಅವರ ತಾಯಿಯ ಚೀಟಿ. ಮೊದಲನೇದು ಊರ ಹತ್ತಿರದ ಕ್ಲಿನಿಕ್‌ದು, ಅದರಲ್ಲಿ ‘ಆಸ್ತಮಾ’ ಅಂತ ಬರೆದಿದೆ. ಎಂಟು ತಿಂಗಳ ನಂತರ ಇನ್ನೊಂದು ಕಡೆ ತೋರಿಸಿದ್ದಾರೆ, ಆ ಚೀಟಿಯಲ್ಲಿ ‘ಸಿಒಪಿಡಿ’. ಔಷಧಿಯೂ ಬೇರೆ. ಕೆಳಗೆ ಒಂದೇ ಸಾಲಿನ ಪ್ರಶ್ನೆ: “ಅಕ್ಕಾ, ಇದರಲ್ಲಿ ಯಾವ ಡಾಕ್ಟ್ರು ಹೇಳಿದ್ದು ಸರಿ?”

ಮೊದಲೇ ಹೇಳ್ಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಬಿ.ಕಾಂ. ಓದಿದವಳು. ಆದರೆ ಒಂದೇ ಲೆಕ್ಕಕ್ಕೆ ಎರಡು ಪುಸ್ತಕದಲ್ಲಿ ಎರಡು ಮೊತ್ತ ಕಂಡರೆ ನಮ್ಮಂಥವರಿಗೆ ನಿದ್ದೆ ಬರೋದಿಲ್ಲ. ಹಾಗಾಗಿ ಕೂತು ಓದಿದೆ, ಗೊತ್ತಿರುವವರನ್ನು ಕೇಳಿದೆ. ಕೊನೆಗೆ ಸಿಕ್ಕ ಉತ್ತರ ಸ್ವಲ್ಪ ವಿಚಿತ್ರವಾಗಿದೆ. ಇಬ್ಬರು ಡಾಕ್ಟರೂ ಸರಿ ಇರಬಹುದು. ಯಾಕಂದ್ರೆ ಎರಡೂ ಕಾಯಿಲೆ ಒಬ್ಬರಲ್ಲೇ ಇರೋದಕ್ಕೆ ಸಾಧ್ಯ ಇದೆ, ಅದೇನೂ ಅಪರೂಪವೂ ಅಲ್ಲ. ಆದರೆ ಚೀಟಿಯಲ್ಲಿ ಒಂದೇ ಹೆಸರು ಉಳಿದು ಇನ್ನೊಂದು ಬಿಟ್ಟುಹೋದಾಗ ತೊಂದರೆ ಶುರು. ಅದರಲ್ಲೂ ಬಿಟ್ಟುಹೋದ ಹೆಸರು ‘ಆಸ್ತಮಾ’ ಆಗಿದ್ದರೆ ಅದು ಜೀವಕ್ಕೇ ಅಪಾಯ ಆಗಬಹುದು. ಅದು ಯಾಕೆ ಅನ್ನೋದೇ ಇವತ್ತಿನ ಮಾತು.

ಮೊದಲು ಎರಡನ್ನೂ ಬೇರೆ ಬೇರೆಯಾಗಿ ನೋಡೋಣ.

ಆಸ್ತಮಾ ಅಂದ್ರೆ ನಮ್ಮ ಹಳೇ ಮಾತಲ್ಲಿ ಉಬ್ಬಸ. ಉತ್ತರ ಕರ್ನಾಟಕದ ಕಡೆ ದಮ್ಮು ಅಂತಾರೆ. ಇಲ್ಲಿ ಉಸಿರಿನ ಕೊಳವೆಗಳ ಒಳಗೋಡೆ ಊದಿಕೊಂಡಿರುತ್ತೆ, ಅದರ ಸುತ್ತ ಇರುವ ಸ್ನಾಯು ಸಣ್ಣ ಕಾರಣಕ್ಕೂ ಬಿಗಿದುಕೊಳ್ಳುತ್ತೆ. ಧೂಳು, ಥಂಡಿ, ನೆಗಡಿ, ಒಗ್ಗರಣೆ ಘಾಟು, ಪರಾಗ, ಯಾವುದಾದರೂ ಸಾಕು. ಎದೆಯಲ್ಲಿ ಸುಂಯ್ ಅಂತ ಶಬ್ದ. ಆದರೆ ಇದರ ಮುಖ್ಯ ಗುಣ ಏನಂದ್ರೆ ಅದು ಬರುತ್ತೆ, ಹೋಗುತ್ತೆ. ಬೆಳಗಿನ ಜಾವ ಮೂರಕ್ಕೆ ಎದ್ದು ಕೂರಿಸಿದ ಉಬ್ಬಸ ಮಧ್ಯಾಹ್ನ ಹನ್ನೆರಡಕ್ಕೆ ಇರೋದೇ ಇಲ್ಲ. ಡಾಕ್ಟ್ರ ಹತ್ತಿರ ಹೋದಾಗ ಎದೆ ಪೂರ್ತಿ ಕ್ಲೀನ್. ಬಹಳ ಜನಕ್ಕೆ ಇದು ಚಿಕ್ಕ ವಯಸ್ಸಲ್ಲೇ ಶುರುವಾಗಿರುತ್ತೆ. ಮನೇಲಿ ಇನ್ಯಾರಿಗೋ ಅಲರ್ಜಿ, ಮೈ ತುರಿಕೆ, ಸೀನು, ಇಂಥದ್ದು ಏನಾದ್ರೂ ಇರುತ್ತೆ.

ಸಿಒಪಿಡಿ ಅಂದ್ರೆ ದೀರ್ಘಕಾಲದ, ಗಾಳಿಗೆ ಅಡ್ಡಿಯಾಗುವ ಶ್ವಾಸಕೋಶದ ಕಾಯಿಲೆ. ಇದು ವರ್ಷಾನುಗಟ್ಟಲೆ ಹೊಗೆ ಕುಡಿದದ್ದರ ಫಲ. ಬೀಡಿ ಸಿಗರೇಟು ಇರಬಹುದು, ಒಲೆ ಹೊಗೆ ಇರಬಹುದು, ಕಾರ್ಖಾನೆ ಧೂಳು ಇರಬಹುದು. ಸಣ್ಣ ಕೊಳವೆಗಳು ಗಾಯವಾಗಿ ವಾಸಿಯಾಗಿ, ಮತ್ತೆ ಗಾಯವಾಗಿ, ಕೊನೆಗೆ ಕಿರಿದಾಗೇ ಉಳಿದುಬಿಡುತ್ತವೆ. ಕೊನೆಯಲ್ಲಿರುವ ಗಾಳಿಚೀಲಗಳ ಗೋಡೆ ಹರಿದು, ಸಣ್ಣ ಸಣ್ಣ ಚೀಲಗಳು ಸೇರಿ ಒಂದು ದೊಡ್ಡ ಜೋಲು ಚೀಲ ಆಗುತ್ತೆ. ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರೋದಿಲ್ಲ. ಇದು ಉಬ್ಬಸದ ಥರ ಬಂದು ಹೋಗೋದಿಲ್ಲ, ಬಂದದ್ದು ಇರುತ್ತೆ. ಹೋದ ವರ್ಷ ದೇವಸ್ಥಾನದ ಮೆಟ್ಟಿಲು ಒಂದೇ ಸಲಕ್ಕೆ ಹತ್ತುತ್ತಿದ್ದವರು ಈ ವರ್ಷ ಎರಡು ಕಡೆ ಕೂರ್ತಾರೆ. “ವಯಸ್ಸಾಯ್ತು ಬಿಡು” ಅಂತಾರೆ. ಮನೆಯವರೂ ಹೌದು ಅಂತಾರೆ.

ಈಗ ಮೂರನೇ ಥರದ ವ್ಯಕ್ತಿಯನ್ನು ಯೋಚನೆ ಮಾಡಿ. ಐವತ್ತೆರಡು ವರ್ಷದ ಹೆಣ್ಣುಮಗಳು. ಚಿಕ್ಕವಳಿದ್ದಾಗ ಮಳೆಗಾಲದಲ್ಲಿ ಉಬ್ಬಸ ಬರ್ತಾ ಇತ್ತು, “ದೊಡ್ಡವಳಾದ್ರೆ ಹೋಗುತ್ತೆ” ಅಂದ್ರು, ಹೋದ ಹಾಗೆ ಕೂಡ ಆಯ್ತು. ಮದುವೆ ಆದ ಮೇಲೆ ಮೂವತ್ತು ವರ್ಷ ಸೌದೆ ಒಲೆ ಮುಂದೆ ಊದುಗೊಳವೆ ಹಿಡಿದು ಕೂತಿದ್ದಾರೆ. ಈಗ ನಡೆದರೆ ಏದುಸಿರು, ದಿನಾ ಕಫ, ಜೊತೆಗೆ ಥಂಡಿ ಬಿದ್ದಾಗ ರಾತ್ರಿ ಸುಂಯ್ ಶಬ್ದ. ಇವರಿಗೆ ಏನು ಹೆಸರು ಕೊಡ್ತೀರಿ? ಏನೋ ಒಂದು ಯಾವಾಗಲೂ ಇದೆ, ಇನ್ನೊಂದು ಬಂದು ಹೋಗುತ್ತೆ.

ಈ ಪ್ರಶ್ನೆಗೆ ವೈದ್ಯಲೋಕದಲ್ಲೇ ಅರವತ್ತು ವರ್ಷಗಳ ಜಗಳ ಇದೆ. 1960ರ ದಶಕದ ಆರಂಭದಲ್ಲಿ ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್ ಊರಿನ ಡಾಕ್ಟರ್ ಓರಿ ಮತ್ತು ಅವರ ಜೊತೆಯವರು, ಇವೆರಡೂ ಒಂದೇ ಮೂಲದ ಕಾಯಿಲೆಗಳು, ಮನುಷ್ಯನ ಮೈಗುಣ ಮತ್ತು ಪರಿಸರ ಸೇರಿ ಬೇರೆ ಬೇರೆ ರೂಪ ತಾಳುತ್ತವೆ ಅಂದ್ರು. ಇಂಗ್ಲೆಂಡಿನವರು ಒಪ್ಪಲಿಲ್ಲ, ಎರಡೂ ಬೇರೆಯೇ ಅಂದ್ರು. 2014ರಲ್ಲಿ ಆಸ್ತಮಾದ ಜಾಗತಿಕ ಮಾರ್ಗಸೂಚಿ ಬರೆಯುವ ಜೀನಾ ಮತ್ತು ಸಿಒಪಿಡಿಯದ್ದು ಬರೆಯುವ ಗೋಲ್ಡ್, ಈ ಎರಡು ಗುಂಪುಗಳು ಒಟ್ಟಿಗೆ ಕೂತು ‘ಆಸ್ತಮಾ-ಸಿಒಪಿಡಿ ಓವರ್‌ಲ್ಯಾಪ್ ಸಿಂಡ್ರೋಮ್’ ಅಂತ ಹೆಸರು ಇಟ್ಟವು. ಆಮೇಲೆ, ಇದು ಒಂದೇ ಕಾಯಿಲೆ ಅಲ್ಲ ಅಂತ ಹೇಳಿ ‘ಸಿಂಡ್ರೋಮ್’ ಪದ ಕೈಬಿಟ್ಟರು. 2020ರಲ್ಲಿ ಗೋಲ್ಡ್‌ನವರು ಓವರ್‌ಲ್ಯಾಪ್ ಅನ್ನೋ ಹೆಸರನ್ನೇ ಬಿಟ್ಟುಬಿಟ್ಟರು: ಎರಡು ಬೇರೆ ಕಾಯಿಲೆ, ಒಬ್ಬರಲ್ಲಿ ಎರಡೂ ಇರಬಹುದು, ಅಷ್ಟೇ.

ಹೆಸರು ಇಡೋದು, ಬಿಡೋದು, ಇದರಲ್ಲಿ ನನಗೇನೂ ಆಸಕ್ತಿ ಇಲ್ಲ. ಆದರೆ ಆ ಹೆಸರು ಬಿಡುವಾಗ ಅವರು ಹೇಳಿದ ಇನ್ನೊಂದು ಮಾತು ಇದೆ, ಅದನ್ನು ನೀವು ನೋಟ್ ಮಾಡ್ಕೊಳ್ಳಿ. ಸಿಒಪಿಡಿ ಇರುವವರಲ್ಲಿ ಆಸ್ತಮಾ ಕೂಡ ಇದೆ ಅನ್ನೋ ಅನುಮಾನ ಬಂದರೆ, ಔಷಧಿ ಕೊಡುವಾಗ ಆಸ್ತಮಾದ ನಿಯಮವನ್ನೇ ಮೊದಲು ಪಾಲಿಸಬೇಕು.

ಯಾಕೆ ಆಸ್ತಮಾ ಮೊದಲು? ಅದಕ್ಕೆ ಇನ್‌ಹೇಲರ್ ಒಳಗೆ ಏನಿದೆ ಅಂತ ತಿಳ್ಕೋಬೇಕು.

ಇನ್‌ಹೇಲರ್‌ಗಳಲ್ಲಿ ಸ್ಥೂಲವಾಗಿ ಎರಡು ಕೆಲಸದ ಔಷಧಿಗಳಿವೆ. ಒಂದು, ಬಿಗಿದ ಕೊಳವೆಯನ್ನು ಸಡಿಲ ಮಾಡೋದು. ಇದರಲ್ಲಿ ಬೇಗ ಕೆಲಸ ಮಾಡಿ ನಾಲ್ಕಾರು ಗಂಟೆಯಲ್ಲಿ ಮುಗಿಯೋದು ಸಾಲ್ಬುಟಮಾಲ್. ಆಸ್ತಾಲಿನ್ ಅಂದ್ರೆ ಎಲ್ಲರಿಗೂ ಗೊತ್ತು. ಹನ್ನೆರಡು ಗಂಟೆ, ಇಪ್ಪತ್ನಾಲ್ಕು ಗಂಟೆ ಕೆಲಸ ಮಾಡುವವೂ ಇವೆ, ಸಾಲ್ಮೆಟೆರಾಲ್, ಫಾರ್ಮೊಟೆರಾಲ್, ಟಯೊಟ್ರೋಪಿಯಂ ಥರದವು. ಎರಡು, ಒಳಗಿನ ಊತ ಇಳಿಸುವ ಸ್ಟೀರಾಯ್ಡ್, ಅಂದ್ರೆ ಬ್ಯುಡೆಸೊನೈಡ್, ಫ್ಲುಟಿಕಾಸೋನ್.

ಸಿಒಪಿಡಿಗೆ ಸಾಮಾನ್ಯವಾಗಿ ಮೊದಲು ಕೊಡೋದು ದೀರ್ಘಕಾಲ ಸಡಿಲ ಮಾಡುವ ಔಷಧಿ. ಸ್ಟೀರಾಯ್ಡ್ ಎಲ್ಲರಿಗೂ ಕೊಡೋದಿಲ್ಲ. ಕಾರಣವೂ ಇದೆ. 2007ರಲ್ಲಿ ಬಂದ ಟಾರ್ಚ್ ಅನ್ನೋ ದೊಡ್ಡ ಅಧ್ಯಯನದಲ್ಲಿ 6,000ಕ್ಕೂ ಹೆಚ್ಚು ಸಿಒಪಿಡಿ ರೋಗಿಗಳನ್ನು ಮೂರು ವರ್ಷ ನೋಡಿದ್ರು. ಔಷಧಿಯಿಲ್ಲದ ಇನ್‌ಹೇಲರ್ ತಗೊಂಡವರಲ್ಲಿ ನೂರಕ್ಕೆ ಸುಮಾರು 12 ಜನಕ್ಕೆ ನ್ಯುಮೋನಿಯಾ ಬಂತು, ಸ್ಟೀರಾಯ್ಡ್ ಸೇರಿದ ಇನ್‌ಹೇಲರ್ ತಗೊಂಡವರಲ್ಲಿ ಸುಮಾರು 20 ಜನಕ್ಕೆ. ಹಾಗಾಗಿ ಬರೀ ಸಿಒಪಿಡಿ ಇರುವವರಿಗೆ ಸುಮ್ಮಸುಮ್ಮನೆ ಸ್ಟೀರಾಯ್ಡ್ ಬೇಡ ಅನ್ನೋದರಲ್ಲಿ ಅರ್ಥ ಇದೆ.

ಆಸ್ತಮಾಕ್ಕೆ ಇದು ಪೂರ್ತಿ ಉಲ್ಟಾ. ಇಲ್ಲಿ ಸ್ಟೀರಾಯ್ಡೇ ಮುಖ್ಯ, ಸಡಿಲ ಮಾಡೋದು ಜೊತೆಗಾರ. ಊತ ಹಾಗೇ ಬಿಟ್ಟು ಬರೀ ಸಡಿಲ ಮಾಡ್ತಾ ಹೋದರೆ, ರೋಗಿಗೆ ಆರಾಮ ಅನಿಸುತ್ತೆ, ಒಳಗೆ ಬೆಂಕಿ ಉರೀತಾನೇ ಇರುತ್ತೆ. ಇದು ಊಹೆಯಲ್ಲ. ಅಮೆರಿಕದಲ್ಲಿ ‘ಸ್ಮಾರ್ಟ್’ ಅನ್ನೋ ಹೆಸರಿನ ಅಧ್ಯಯನ ನಡೀತು, 26,000ಕ್ಕೂ ಹೆಚ್ಚು ಆಸ್ತಮಾ ರೋಗಿಗಳು. ಅವರು ತಗೊಳ್ತಿದ್ದ ಔಷಧಿಯ ಜೊತೆಗೆ ಅರ್ಧ ಜನಕ್ಕೆ ಸಾಲ್ಮೆಟೆರಾಲ್, ಇನ್ನರ್ಧಕ್ಕೆ ಔಷಧಿಯಿಲ್ಲದ ಇನ್‌ಹೇಲರ್. 28 ವಾರದಲ್ಲಿ ಆಸ್ತಮಾದಿಂದ ಸತ್ತವರು ಒಂದು ಕಡೆ 13, ಇನ್ನೊಂದು ಕಡೆ 3. ಅವರಲ್ಲಿ ಬಹಳ ಜನ ಸ್ಟೀರಾಯ್ಡ್ ಇನ್‌ಹೇಲರ್ ತಗೊಳ್ತಾ ಇರಲಿಲ್ಲ. ಅಧ್ಯಯನವನ್ನೇ ಅರ್ಧಕ್ಕೆ ನಿಲ್ಲಿಸಿದ್ರು. 2003ರಲ್ಲಿ ಅಮೆರಿಕ ಸರ್ಕಾರ ಆ ಔಷಧಿಯ ಮೇಲೆ ಕಪ್ಪು ಚೌಕದ ಎಚ್ಚರಿಕೆ ಹಾಕಿಸಿತು. ಅದೇ ಔಷಧಿ ಸ್ಟೀರಾಯ್ಡ್ ಜೊತೆ ಸೇರಿದಾಗ ಸುರಕ್ಷಿತ ಅಂತ ಆಮೇಲಿನ ದೊಡ್ಡ ಅಧ್ಯಯನಗಳಲ್ಲಿ ಕಂಡಿದ್ದರಿಂದ, 2017ರಲ್ಲಿ ಜೋಡಿ ಇನ್‌ಹೇಲರ್‌ಗಳ ಮೇಲಿಂದ ಆ ಎಚ್ಚರಿಕೆ ತೆಗೆದರು.

ಈಗ ಆ ಐವತ್ತೆರಡರ ಹೆಣ್ಣುಮಗಳ ಹತ್ತಿರ ವಾಪಸ್ ಬನ್ನಿ. ಚೀಟಿಯಲ್ಲಿ ‘ಸಿಒಪಿಡಿ’ ಅಂತ ಮಾತ್ರ ಬರೆದು, ಸ್ಟೀರಾಯ್ಡ್ ಇಲ್ಲದ ಇನ್‌ಹೇಲರ್ ಕೊಟ್ಟರೆ, ಅವರೊಳಗಿನ ಆಸ್ತಮಾ ರೋಗಿಗೆ ಏನು ಸಿಕ್ಕಿತು? ಸಿಗಬಾರದ್ದೇ ಸಿಕ್ಕಿತು. ಬರೀ ‘ಆಸ್ತಮಾ’ ಅಂತ ಬರೆದ ಚೀಟಿ ಇಷ್ಟು ಅಪಾಯದ್ದಲ್ಲ, ಆದರೂ ನಷ್ಟ ಇದ್ದೇ ಇದೆ. ಹೊಗೆಯಿಂದ ಆದ ಹಾನಿ ಯಾರ ಲೆಕ್ಕಕ್ಕೂ ಬರೋದಿಲ್ಲ, ಒಲೆ ಹಾಗೇ ಉರಿಯುತ್ತೆ.

ಇಂಥವರು ಎಷ್ಟು ಜನ ಇದ್ದಾರೆ ಅಂದ್ರೆ, ಅಂಕಿ ನೀವು ಯಾವ ಗೆರೆ ಎಳೀತೀರಿ ಅನ್ನೋದರ ಮೇಲೆ ಹೋಗುತ್ತೆ. ಜಗತ್ತಿನ ಬೇರೆ ಬೇರೆ ಅಧ್ಯಯನಗಳಲ್ಲಿ ನೂರಕ್ಕೆ 15ರಿಂದ 55ರ ತನಕ ಕಂಡಿದ್ದಾರೆ. ಎರಡೂ ಇರುವವರಿಗೆ ಕಾಯಿಲೆ ಕೆರಳೋದು ಹೆಚ್ಚು, ಆಸ್ಪತ್ರೆ ಓಡಾಟ ಹೆಚ್ಚು ಅನ್ನೋದನ್ನು ಜೀನಾ-ಗೋಲ್ಡ್ ದಾಖಲೆಯೇ ಹೇಳುತ್ತೆ.

ಒಂದು ತಮಾಷೆ, ಅಂದ್ರೆ ನಗು ಬರುವಂಥ ತಮಾಷೆ ಅಲ್ಲ. ಇಷ್ಟು ಜನ ಇದ್ದರೂ ಔಷಧಿ ಪರೀಕ್ಷೆಗಳಲ್ಲಿ ಇವರು ಕಾಣೋದೇ ಇಲ್ಲ. ಆಸ್ತಮಾ ಔಷಧಿ ಪರೀಕ್ಷೆ ಮಾಡುವವರು ಸಾಮಾನ್ಯವಾಗಿ ಸಿಗರೇಟು ಸೇದುವವರನ್ನು ಹೊರಗಿಡ್ತಾರೆ. ಸಿಒಪಿಡಿ ಔಷಧಿ ಪರೀಕ್ಷೆ ಮಾಡುವವರು ಆಸ್ತಮಾ ಇದ್ದವರನ್ನು ಹೊರಗಿಡ್ತಾರೆ. 2007ರಲ್ಲಿ ನ್ಯೂಜಿಲೆಂಡ್‌ನ ವೆಲಿಂಗ್ಟನ್‌ನಲ್ಲಿ ಸಂಶೋಧಕರು ಊರಿನ ಸಾಮಾನ್ಯ ಆಸ್ತಮಾ ರೋಗಿಗಳನ್ನು ಹಿಡಿದು, ಇವರಲ್ಲಿ ಎಷ್ಟು ಜನ ದೊಡ್ಡ ದೊಡ್ಡ ಔಷಧಿ ಪರೀಕ್ಷೆಗಳಿಗೆ ಅರ್ಹರಾಗ್ತಿದ್ದರು ಅಂತ ಲೆಕ್ಕ ಹಾಕಿದ್ರು. ಮಧ್ಯಮ ಅಂಕಿ ನೂರಕ್ಕೆ 4. ಅಂದ್ರೆ ಮಾರ್ಗಸೂಚಿ ನಿಂತಿರೋದು ಆ ನಾಲ್ವರ ಮೇಲೆ, ಔಷಧಿ ತಗೊಳ್ಳೋದು ನೂರೂ ಜನ.

ಸರಿ, ನಮ್ಮ ಕಡೆ ಬರೋಣ. ಭಾರತದ ಅಂಕಿಗಳು ದೊಡ್ಡವು. 2016ರ ಅಂದಾಜಿನಲ್ಲಿ ದೇಶದಲ್ಲಿ ಸಿಒಪಿಡಿ ಇರುವವರು ಸುಮಾರು ಐದೂವರೆ ಕೋಟಿ, ಆಸ್ತಮಾ ಇರುವವರು ಸುಮಾರು 3 ಕೋಟಿ 80 ಲಕ್ಷ. ಜಗತ್ತಿನ ಜನಸಂಖ್ಯೆಯಲ್ಲಿ ನಮ್ಮ ಪಾಲು ನೂರಕ್ಕೆ 18, ದೀರ್ಘಕಾಲದ ಉಸಿರಾಟದ ಕಾಯಿಲೆಗಳ ಹೊರೆಯಲ್ಲಿ ನಮ್ಮ ಪಾಲು 32. ಲಾಭದ ಪಾಲು ಹೀಗೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು.

ಇವರೆಲ್ಲ ಮೊದಲು ಹೋಗೋದು ಎಲ್ಲಿಗೆ? ಎದೆರೋಗ ತಜ್ಞರ ಹತ್ತಿರ ಅಲ್ಲ. ಬಸ್ ಸ್ಟ್ಯಾಂಡ್ ಪಕ್ಕದ ಕ್ಲಿನಿಕ್‌ಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. 2011ರ ಫೆಬ್ರುವರಿ 1ರಂದು, ಒಂದೇ ದಿನ, ದೇಶದ 880 ಊರುಗಳ 7,400 ಡಾಕ್ಟರ್‌ಗಳ ಹತ್ತಿರ ಬಂದ ಎರಡು ಲಕ್ಷಕ್ಕೂ ಹೆಚ್ಚು ರೋಗಿಗಳನ್ನು ಲೆಕ್ಕ ಹಾಕಿದ ಒಂದು ಅಧ್ಯಯನ ಇದೆ, ಪೊಸೈಡನ್ ಅಂತ. ಅದನ್ನು ಮಾಡಿದ್ದು ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್‌ನವರು. ಬಂದವರಲ್ಲಿ ಅರ್ಧಕ್ಕೂ ಹೆಚ್ಚು ಜನಕ್ಕೆ ಉಸಿರಾಟಕ್ಕೆ ಸಂಬಂಧಪಟ್ಟ ತೊಂದರೆ ಇತ್ತು. ಸೀನಿಂದ ಹಿಡಿದು ಸಿಒಪಿಡಿ ತನಕ.

ಈಗ ಅಂಥ ಒಂದು ಕ್ಲಿನಿಕ್‌ನ ಸಂಜೆ ಏಳು ಗಂಟೆ ಕಲ್ಪಿಸ್ಕೊಳ್ಳಿ. ಹೊರಗೆ ಮೂವತ್ತು ಜನ. ಒಳಗಿನ ಮಾತು ಹೀಗಿರುತ್ತೆ:

“ಏನಮ್ಮಾ, ಎಷ್ಟು ದಿನ ಆಯ್ತು?”

“ನಾಕ್ ದಿನ ಆಯ್ತು ಸಾರ್.”

“ಕಫ ಬರ್ತಿದ್ಯಾ?”

“ಹೂಂ ಸಾರ್, ಹಳದಿ.”

“ಬೀಡಿ ಗೀಡಿ ಏನಾದ್ರೂ ಅಭ್ಯಾಸ…?”

“ಅಯ್ಯೋ ರಾಮ, ಇಲ್ಲ ಸಾರ್!”

ಮುಗೀತು. ಒಂದು ಇಂಜೆಕ್ಷನ್, ಹತ್ತು ನಿಮಿಷ ನೆಬ್ಯುಲೈಸರ್, ಐದು ದಿನದ ಮಾತ್ರೆ. ಆರಾಮ ಆಗುತ್ತೆ. ಆರು ವಾರಕ್ಕೆ ಮತ್ತೆ ಅದೇ. ಒಲೆ ಬಗ್ಗೆ ಯಾರೂ ಕೇಳಲಿಲ್ಲ. ಚಿಕ್ಕ ವಯಸ್ಸಿನ ಉಬ್ಬಸದ ಬಗ್ಗೆಯೂ ಕೇಳಲಿಲ್ಲ. ಅಮ್ಮ ತಾನಾಗಿ ಹೇಳಲಿಲ್ಲ, ಯಾಕಂದ್ರೆ “ಅದಕ್ಕೂ ಇದಕ್ಕೂ ಏನು ಸಂಬಂಧ?”

ನಾನು ಆ ಡಾಕ್ಟರನ್ನು ಬೈಯಲ್ಲ. ಮೂವತ್ತು ಜನ ಕಾಯ್ತಿರುವಾಗ ಯಾರಾದರೂ ಇಷ್ಟೇ ಕೇಳ್ತಾರೆ. ಆದರೆ ರೋಗಿಯ ಹಿಂದಿನ ಕತೆ ಇಲ್ಲದೆ ಈ ಎರಡು ಕಾಯಿಲೆಯನ್ನು ಬಿಡಿಸೋಕೆ ಆಗೋದಿಲ್ಲ. ಸ್ಟೆಥಾಸ್ಕೋಪ್‌ಗೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತೆ.

ಒಲೆ ವಿಷಯ ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲೋಣ, ಇದು ನಮ್ಮದೇ ರಾಜ್ಯದ ಕತೆ. ಸಿಒಪಿಡಿ ಅಂದ್ರೆ ಗಂಡಸರ ಬೀಡಿ ಕಾಯಿಲೆ ಅಂತ ಬಹಳ ಕಾಲ ನಂಬಿದ್ರು. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಅವರ ತಂಡ ಹಳ್ಳಿಯ ಹೆಣ್ಣುಮಕ್ಕಳ ಮೇಲೆ ಅಧ್ಯಯನ ಮಾಡಿ 2013ರಲ್ಲಿ ಒಂದು ಸರಳ ಲೆಕ್ಕ ಪ್ರಕಟಿಸಿದ್ರು. ದಿನಕ್ಕೆ ಎಷ್ಟು ಗಂಟೆ ಒಲೆ ಮುಂದೆ, ಎಷ್ಟು ವರ್ಷ. ಎರಡನ್ನೂ ಗುಣಿಸಿ. ಆ ಸಂಖ್ಯೆ 60 ಮುಟ್ಟಿದ ಮೇಲೆ ದೀರ್ಘಕಾಲದ ಕೆಮ್ಮು-ಕಫದ ಕಾಯಿಲೆ, ಅಂದ್ರೆ ಕ್ರಾನಿಕ್ ಬ್ರಾಂಕೈಟಿಸ್, ಅದರ ಅಪಾಯ ಗಣನೀಯವಾಗಿ ಏರುತ್ತೆ.

ದಿನಕ್ಕೆ ಮೂರು ಗಂಟೆ, ಇಪ್ಪತ್ತು ವರ್ಷ ಅಂದ್ರೆ 60. ದಿನಕ್ಕೆ ನಾಲ್ಕು ಗಂಟೆ, ಮೂವತ್ತು ವರ್ಷ ಅಂದ್ರೆ 120. ನಿಮ್ಮ ಅಮ್ಮನದ್ದೋ ಅಜ್ಜಿಯದ್ದೋ ಲೆಕ್ಕ ಈಗಲೇ ಮನಸ್ಸಲ್ಲಿ ಹಾಕಿ ನೋಡಿ. ನಾನು ನಮ್ಮ ದೊಡ್ಡಮ್ಮಂದು ಹಾಕಿದೆ, 140 ದಾಟಿತು. ಅವರು ಜೀವಮಾನದಲ್ಲಿ ಒಂದು ಬೀಡಿ ಮುಟ್ಟಿದವರಲ್ಲ.

“ಈಗ ಗ್ಯಾಸ್ ಬಂದಿದೆಯಲ್ಲ” ಅಂತೀರಿ. ಬಂದಿದೆ. ಉಜ್ವಲಾ ಯೋಜನೆ ಶುರುವಾದದ್ದು 2016ರ ಮೇ 1ಕ್ಕೆ. ಆದರೆ ಎರಡು ವಿಷಯ. ಹಿಂದಿನ ಮೂವತ್ತು ವರ್ಷದ ಹೊಗೆ ಸಿಲಿಂಡರ್ ಬಂದ ದಿನ ಅಳಿಸಿಹೋಗೋದಿಲ್ಲ. ಮತ್ತೆ, ಅಡುಗೆಮನೆಗೆ ಗ್ಯಾಸ್ ಬಂದ ಎಷ್ಟೋ ಮನೆಯಲ್ಲಿ ಬಚ್ಚಲಿನ ಹಂಡೆ ಒಲೆ ಇನ್ನೂ ಉರೀತಿದೆ. ತೆಂಗಿನ ಗರಿ, ಮಟ್ಟೆ, ಅಡಿಕೆ ಸಿಪ್ಪೆ, ಕೆಲವು ಸಲ ಪ್ಲಾಸ್ಟಿಕ್ ಕವರ್ ಕೂಡ. ಬೆಳಿಗ್ಗೆ ಐದೂವರೆಗೆ ಆ ಒಲೆ ಹಚ್ಚೋದು ಯಾರು? “ಬಿಸಿನೀರು ಆಯ್ತಾ?” ಅಂತ ಕೇಳೋದು ಯಾರು? ಉತ್ತರ ನಿಮಗೇ ಗೊತ್ತು. ಡಾಕ್ಟರ್ “ಗ್ಯಾಸ್ ಇದೆಯಾ?” ಅಂತ ಕೇಳಿದ್ರೆ ಅಮ್ಮ “ಇದೆ ಸಾರ್” ಅಂತಾರೆ. ಅದು ಸುಳ್ಳೂ ಅಲ್ಲ.

ಹಾಗಾದ್ರೆ ಎರಡನ್ನೂ ಬಿಡಿಸೋದು ಹೇಗೆ? ಅದಕ್ಕಿರುವ ಪರೀಕ್ಷೆ ಸ್ಪೈರೋಮೆಟ್ರಿ. ನೋವಿಲ್ಲ, ಸೂಜಿ ಇಲ್ಲ. ಕೊಳವೆಗೆ ಬಾಯಿ ಹಚ್ಚಿ, ಎದೆ ತುಂಬ ಉಸಿರು ತಗೊಂಡು, ಜೋರಾಗಿ ಖಾಲಿಯಾಗುವ ತನಕ ಊದಬೇಕು. ಯಂತ್ರ ಎರಡು ಅಳತೆ ಕೊಡುತ್ತೆ: ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಬಂತು, ಒಟ್ಟು ಎಷ್ಟು ಬಂತು. ಆಮೇಲೆ ಸಾಲ್ಬುಟಮಾಲ್ ಕೊಟ್ಟು, ಹದಿನೈದು ನಿಮಿಷ ಕಾದು, ಮತ್ತೆ ಊದಿಸ್ತಾರೆ. ಔಷಧಿ ಕೊಟ್ಟ ಮೇಲೂ ಮೊದಲ ಸೆಕೆಂಡಿನ ಗಾಳಿ ಒಟ್ಟು ಗಾಳಿಯ ನೂರಕ್ಕೆ 70ಕ್ಕಿಂತ ಕಡಿಮೆ ಇದ್ದರೆ, ಹೋಗದೇ ಉಳಿದ ಅಡ್ಡಿ ಇದೆ ಅಂತ ಅರ್ಥ, ಸಿಒಪಿಡಿ ಕಡೆ ಕೈ ತೋರಿಸುತ್ತೆ. ಔಷಧಿಯಿಂದ ಮೊದಲ ಸೆಕೆಂಡಿನ ಅಳತೆ ನೂರಕ್ಕೆ 12ರಷ್ಟು, ಜೊತೆಗೆ 200 ಮಿಲಿಲೀಟರ್‌ಗಿಂತ ಹೆಚ್ಚು ಏರಿದರೆ, ಸಡಿಲವಾಗುವ ಅಂಶ ಇದೆ, ಆಸ್ತಮಾ ಕಡೆ ಕೈ ತೋರಿಸುತ್ತೆ. ಒಂದೇ ರಿಪೋರ್ಟ್‌ನಲ್ಲಿ ಎರಡೂ ಕಾಣಬಹುದು. 400 ಮಿಲಿಲೀಟರ್ ದಾಟಿ ಏರಿದ್ರಂತೂ ಆಸ್ತಮಾದ ಅನುಮಾನ ಬಲವಾಗುತ್ತೆ.

ಇನ್ನೊಂದು, ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಬರುವ ಇಯೋಸಿನೋಫಿಲ್ ಅನ್ನೋ ಬಿಳಿ ರಕ್ತಕಣದ ಎಣಿಕೆ. ಅದು 300 ದಾಟಿದ್ರೆ ಸಿಒಪಿಡಿ ಇದ್ದರೂ ಸ್ಟೀರಾಯ್ಡ್ ಇನ್‌ಹೇಲರ್‌ನಿಂದ ಉಪಯೋಗ ಆಗುವ ಸಾಧ್ಯತೆ ಹೆಚ್ಚು. ಹೊಟ್ಟೆಹುಳ ಇದ್ರೂ ಈ ಎಣಿಕೆ ಏರುತ್ತೆ, ಹಾಗಾಗಿ ಲ್ಯಾಬ್ ರಿಪೋರ್ಟ್ ಮುಂದಿಟ್ಕೊಂಡು ಮನೇಲೇ ತೀರ್ಪು ಕೊಡಬೇಡಿ. ಹಿಂದೆ ಟಿಬಿ ಆಗಿ ವಾಸಿಯಾಗಿದ್ದರೆ ಅದನ್ನು ಮರೆಯದೆ ಹೇಳಿ. ಟಿಬಿ ಬಿಟ್ಟುಹೋದ ಗಾಯ ಕೂಡ ಗಾಳಿಗೆ ಅಡ್ಡಿ ಮಾಡುತ್ತೆ, ನೋಡೋಕೆ ಸಿಒಪಿಡಿ ಥರಾನೇ ಇರುತ್ತೆ.

ತೊಂದರೆ ಏನಂದ್ರೆ, ಸ್ಪೈರೋಮೀಟರ್ ಸಣ್ಣ ಕ್ಲಿನಿಕ್‌ಗಳಲ್ಲಿ ಸಾಮಾನ್ಯವಾಗಿ ಇರೋದಿಲ್ಲ. ಬಿ.ಪಿ. ಇದೆ ಅಂತ ಹೇಳೋಕೆ ಬಿ.ಪಿ. ಅಳೀತಾರೆ, ಶುಗರ್ ಇದೆ ಅನ್ನೋಕೆ ರಕ್ತ ನೋಡ್ತಾರೆ. ಉಸಿರಿನ ಕಾಯಿಲೆಗೆ ಮಾತ್ರ ಅಳತೆಯೇ ಇಲ್ಲದೆ ಹತ್ತು ವರ್ಷ ಔಷಧಿ ನಡೆಯುತ್ತೆ. ಇದು ನನಗೆ ಅರ್ಥವಾಗದ ಲೆಕ್ಕ. ಸ್ಪೈರೋಮೆಟ್ರಿ ಆಗದಿದ್ದರೆ ಪೀಕ್ ಫ್ಲೋ ಮೀಟರ್ ಅಂತ ಒಂದು ಪ್ಲಾಸ್ಟಿಕ್ ಕೊಳವೆ ಇದೆ, ಕೆಲವು ನೂರು ರೂಪಾಯಿ, ಕರೆಂಟೂ ಬೇಡ. ಬೆಳಿಗ್ಗೆ ಸಂಜೆ ಎರಡು ವಾರ ಊದಿ ಬರೆದಿಟ್ಟರೆ ಸಾಕು. ಅಂಕಿ ದಿನದಿಂದ ದಿನಕ್ಕೆ ತುಂಬ ಏರುಪೇರಾಗ್ತಿದ್ದರೆ ಅದು ಆಸ್ತಮಾದ ಗುರುತು. ಸಿಒಪಿಡಿಯನ್ನು ಮಾತ್ರ ಇದರಿಂದ ಖಚಿತ ಮಾಡೋಕೆ ಆಗೋದಿಲ್ಲ.

ಇಲ್ಲಿ ನಿಮ್ಮ ಕೆಲಸ ಇದೆ, ಫೋನ್ ಇರುವವರದ್ದು. ಡಾಕ್ಟರ್‌ಗೆ ಸಿಗೋದು ಮೂರು ನಿಮಿಷ. ನೀವು ಮನೇಲಿ ಅರ್ಧ ಗಂಟೆ ಕೂತು ಅಮ್ಮನನ್ನೋ ಅಪ್ಪನನ್ನೋ ಕೇಳಿ ನೋಟ್ಸ್ ಆ್ಯಪ್‌ನಲ್ಲಿ ಬರ್ಕೊಳ್ಳಿ. ಉಬ್ಬಸ ಮೊದಲು ಬಂದದ್ದು ಯಾವ ವಯಸ್ಸಿಗೆ? ಪೂರ್ತಿ ಚೆನ್ನಾಗಿರುವ ದಿನಗಳು ಇವೆಯಾ, ಅಥವಾ ದಿನಾ ಇದ್ದೇ ಇರುತ್ತಾ? ರಾತ್ರಿ ಎಬ್ಬಿಸುತ್ತಾ? ಒಲೆ ಲೆಕ್ಕ, ಬಚ್ಚಲೊಲೆ ಸೇರಿಸಿ. ಬೀಡಿ ಸಿಗರೇಟು, ಅಕ್ಕಿ ಗಿರಣಿ, ಕಲ್ಲು ಕ್ವಾರಿ, ಬೇಕರಿ, ಯಾವ ಕೆಲಸ ಎಷ್ಟು ವರ್ಷ. ಮನೇಲಿ ಇನ್ಯಾರಿಗೆ ಉಬ್ಬಸ. ಹಳೇ ಚೀಟಿಗಳ ಫೋಟೋ ಒಂದೇ ಫೋಲ್ಡರ್‌ಗೆ ಹಾಕಿ. ರಾತ್ರಿ ಎದೆ ಸುಂಯ್ ಅನ್ನುವಾಗ, ಮೊದಲು ಔಷಧಿ ಕೊಟ್ಟು, ಆಮೇಲೆ ಇಪ್ಪತ್ತು ಸೆಕೆಂಡಿನ ಒಂದು ವಿಡಿಯೋ ಮಾಡಿಟ್ಟುಕೊಳ್ಳಿ, ಹಗಲಲ್ಲಿ ಎದೆ ಕ್ಲೀನ್ ಇದ್ದರೂ ಡಾಕ್ಟರ್‌ಗೆ ಅದು ಸಾಕ್ಷಿ. ಕ್ಲಿನಿಕ್‌ನಲ್ಲಿ ಒಂದೇ ಪ್ರಶ್ನೆ ಕೇಳಿ, ವಿನಯವಾಗಿ: “ಸಾರ್, ಇವರಿಗೆ ಎರಡೂ ಇರಬಹುದಾ? ಸ್ಪೈರೋಮೆಟ್ರಿಗೆ ಎಲ್ಲಿಗೆ ಕಳಿಸ್ತೀರಾ?” ಗೂಗಲ್ ಮಾಡಿದೆ ಅಂತ ಮಾತ್ರ ಶುರು ಮಾಡಬೇಡಿ, ಅಲ್ಲಿಗೆ ಮುಗೀತು ಕತೆ.

ಇನ್ನು ಮನೇಲಿ ಎದುರಾಗುವ ದೊಡ್ಡ ಗೋಡೆ. “ಇನ್‌ಹೇಲರ್ ಬೇಡಪ್ಪ, ಚಟ ಆಗುತ್ತೆ. ಮಾತ್ರೆ ಕೊಡಿಸು ಸಾಕು.” ಇದನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೀನೋ. ಲೆಕ್ಕ ನೋಡಿ. ಸಾಲ್ಬುಟಮಾಲ್ ಇನ್‌ಹೇಲರ್‌ನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ. ಅದೇ ಔಷಧಿಯ ಒಂದು ಮಾತ್ರೆ 4 ಮಿಲಿಗ್ರಾಂ, ಅಂದ್ರೆ 4,000 ಮೈಕ್ರೋಗ್ರಾಂ. ಒಂದು ಮಾತ್ರೆ ನಲವತ್ತು ಪಫ್‌ಗೆ ಸಮ. ಪಫ್ ನೇರವಾಗಿ ಎದೆಗೆ ಹೋಗುತ್ತೆ, ಮಾತ್ರೆ ಹೊಟ್ಟೆಗೆ ಹೋಗಿ, ರಕ್ತದಲ್ಲಿ ಊರೆಲ್ಲ ಸುತ್ತಿ, ಕೈ ನಡುಗಿಸಿ, ಎದೆ ಡವಡವ ಅನ್ನಿಸಿ ಆಮೇಲೆ ಎದೆಗೆ ಬರುತ್ತೆ. ಸ್ಟೀರಾಯ್ಡ್ ವಿಷಯದಲ್ಲೂ ಹಾಗೇ. ಇನ್‌ಹೇಲರ್‌ನಲ್ಲಿ ಇರೋದು ಮೈಕ್ರೋಗ್ರಾಂ ಲೆಕ್ಕ. ಅದಕ್ಕೆ ಹೆದರಿ ಬಿಟ್ಟವರು ಪ್ರತಿ ಸಲ ಕೆರಳಿದಾಗ ಮಿಲಿಗ್ರಾಂ ಲೆಕ್ಕದ ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್ ತಗೊಳ್ತಾರೆ. ಶುಗರ್ ಏರೋದು, ಮೂಳೆ ಸವೆಯೋದು ಹೆಚ್ಚಾಗಿ ಆ ಮಾತ್ರೆಯಿಂದ. ಇನ್‌ಹೇಲರ್ ಸ್ಟೀರಾಯ್ಡ್ ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ರೆ ಬಾಯಲ್ಲಿ ಬಿಳಿ ಅಗ್ರ ಬರುತ್ತೆ, ಧ್ವನಿ ಒಡೆಯುತ್ತೆ.

ಇನ್ನೊಂದು ಕಡೆ, ಬರೀ ಆಸ್ತಾಲಿನ್ ಒಂದೇ ಇಟ್ಕೊಂಡು ವರ್ಷಗಟ್ಟಲೆ ದಿನ ದೂಡುವವರಿದ್ದಾರೆ. ಅದು ತಕ್ಷಣ ಕೆಲಸ ಮಾಡುತ್ತೆ, ಹಾಗಾಗಿ ಅದೇ ಒಳ್ಳೇದು ಅನಿಸುತ್ತೆ. ಆಸ್ತಮಾ ಇರುವ ದೊಡ್ಡವರಿಗೆ ಬರೀ ಇದೊಂದೇ ಸಾಕು ಅನ್ನೋ ಸಲಹೆಯನ್ನು ಜೀನಾ 2019ರಲ್ಲೇ ಕೈಬಿಟ್ಟಿದೆ. ಸ್ಟೀರಾಯ್ಡ್ ಜೊತೆಗಿರಲೇಬೇಕು. ಬ್ಯುಡೆಸೊನೈಡ್-ಫಾರ್ಮೊಟೆರಾಲ್ ಜೋಡಿ ಭಾರತದ 2022ರ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲೇ ಇದೆ, ಹಾಗಾಗಿ ಇದೇನೂ ಸಿಗದ ವಸ್ತು ಅಲ್ಲ.

ಕೊಟ್ಟ ಇನ್‌ಹೇಲರ್ ಸರಿಯಾಗಿ ತಗೊಳ್ತಿದ್ದಾರಾ ನೋಡಿ. ಒತ್ತುವ ಪಂಪ್ ಆದರೆ ನಿಧಾನವಾಗಿ, ಆಳವಾಗಿ ಎಳೀಬೇಕು. ಪುಡಿ ಕ್ಯಾಪ್ಸೂಲ್ ಹಾಕುವ ರೋಟಾಹೇಲರ್ ಆದರೆ ಜೋರಾಗಿ, ವೇಗವಾಗಿ ಎಳೀಬೇಕು. ಎರಡಕ್ಕೂ ಕೊನೆಗೆ ಹತ್ತು ಸೆಕೆಂಡ್ ಉಸಿರು ಹಿಡೀಬೇಕು. ಒಂದರ ಕ್ರಮ ಇನ್ನೊಂದಕ್ಕೆ ಮಾಡಿದ್ರೆ ಔಷಧಿ ಗಂಟಲಲ್ಲೇ ಉಳಿಯುತ್ತೆ. ಪಂಪ್ ಒತ್ತೋದು, ಎಳೆಯೋದು ಒಟ್ಟಿಗೆ ಆಗಲ್ಲ ಅನ್ನೋ ಹಿರಿಯರಿಗೆ ಸ್ಪೇಸರ್ ಬೇಕು. ಸ್ಪೇಸರ್ ಇಲ್ಲವಾ? ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಮಕ್ಕಳ ಡಾಕ್ಟರ್ ಹೀದರ್ ಜಾರ್ ಮತ್ತು ಸಂಗಡಿಗರು ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಇನ್‌ಹೇಲರ್ ಕೂರುವಷ್ಟು ತೂತು ಮಾಡಿ, ಸುತ್ತ ಗಾಳಿ ಹೋಗದ ಹಾಗೆ ಅಂಟಿಸಿ, ಉಬ್ಬಸ ಕೆರಳಿದ ಮಕ್ಕಳಿಗೆ ಕೊಟ್ಟು ನೋಡಿದ್ರು. ಅಂಗಡಿಯ ಸ್ಪೇಸರ್‌ನಷ್ಟೇ ಚೆನ್ನಾಗಿ ಕೆಲಸ ಮಾಡ್ತು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯ್ತು. ನಾವು ಕುಡಿದು ಬಿಸಾಡುವ ನೀರಿನ ಬಾಟಲಿ!

ಕೊನೇದಾಗಿ, ಇದನ್ನು ಫಾರ್ವರ್ಡ್ ಮಾಡುವವರು ಈ ಭಾಗ ಕತ್ತರಿಸಬೇಡಿ. ಒಂದು ವಾಕ್ಯ ಪೂರ್ತಿ ಮಾಡೋಕೆ ಉಸಿರು ಸಾಲದಿದ್ದರೆ, ತುಟಿ ಉಗುರು ನೀಲಿಯಾದರೆ, ಮಂಪರು ಬಂದರೆ, ಪಂಪ್ ತಗೊಂಡು ಕೆಲವೇ ನಿಮಿಷದಲ್ಲಿ ಮತ್ತೆ ಬೇಕು ಅನಿಸಿದ್ರೆ, ಬೆಳಗಾಗಲಿ ಅಂತ ಕಾಯಬೇಡಿ. ಬೆನ್ನು ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಸಾಲ್ಬುಟಮಾಲ್ ಇದ್ದರೆ ಸ್ಪೇಸರ್‌ನಲ್ಲಿ ಕೊಡ್ತಾ 108ಕ್ಕೆ ಫೋನ್ ಮಾಡಿ. ಗಾಡಿ ಬಂದಾಗ ಆ ಫೋಲ್ಡರ್ ಇರುವ ಫೋನ್ ಮತ್ತೆ ಇನ್‌ಹೇಲರ್ ಎರಡನ್ನೂ ಜೊತೆಗೆ ತಗೊಂಡು ಹತ್ತಿ.

ಮುಂದಿನ ವಾರ ಬೇರೆ ವಿಷಯದ ಜೊತೆ ಬರ್ತೀನಿ. ನಿಮ್ಮ ಮನೆಯ ಒಲೆ ಲೆಕ್ಕ ಎಷ್ಟು ಬಂತು ಅಂತ ಕಾಮೆಂಟ್‌ನಲ್ಲಿ ಹಾಕಿ.